ರಾಯಲ್ಟಿ ಲೆಕ್ಕದ ತಂತ್ರಾಂಶ: ನಾಲ್ಕು ಅರ್ಧವಾರ್ಷಿಕ ಲೆಕ್ಕಗಳ ನಂತರ

ಭಾವಗೀತೆ, ಜನಪದ ಗೀತೆ ಮತ್ತು ದಾಸರ ಪದಗಳ ಧ್ವನಿಮುದ್ರಿಕೆಗಳನ್ನು ಹೊರತರುವ ಬೆಂಗಳೂರಿನ ಸಣ್ಣ ಸಂಸ್ಥೆಯೊಂದರಲ್ಲಿ ನಾನು ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಕ್ಯಾಸೆಟ್ ಕಾಲದಿಂದ ಉಳಿದುಬಂದವು, ಈಚೆಗೆ ಮುದ್ರಿಸಿದವು ಎಲ್ಲ ಸೇರಿ ನಮ್ಮಲ್ಲಿ ಸುಮಾರು 1,400 ಹಾಡುಗಳಿವೆ. ಅವುಗಳಿಂದ ಬರುವ ಹಣದಲ್ಲಿ ಪಾಲುಳ್ಳ ಗಾಯಕರು, ಸಂಯೋಜಕರು, ಕವಿಗಳು ಮತ್ತು ಕವಿಗಳ ವಾರಸುದಾರರು ಒಟ್ಟು 260 ಮಂದಿ. ಎರಡು ವರ್ಷಗಳ ಹಿಂದಿನವರೆಗೆ ಈ ಲೆಕ್ಕವೆಲ್ಲ ಎಕ್ಸೆಲ್‌ನಲ್ಲಿ ನಡೆಯುತ್ತಿತ್ತು. ಆಮೇಲೆ ಯುರೋಪಿನ ಕಂಪನಿಯೊಂದು ನಡೆಸುವ, ಬ್ರೌಸರ್‌ನಲ್ಲೇ ತೆರೆದುಕೊಳ್ಳುವ ರಾಯಲ್ಟಿ ತಂತ್ರಾಂಶಕ್ಕೆ ಚಂದಾದಾರರಾದೆವು. ನಾಲ್ಕು ಅರ್ಧವಾರ್ಷಿಕ ಲೆಕ್ಕಗಳನ್ನು ಅದರಲ್ಲಿ ಮುಗಿಸಿದ ಅನುಭವವನ್ನು ಇಲ್ಲಿ ಬರೆಯುತ್ತಿದ್ದೇನೆ. ಕಂಪನಿಯ ಹೆಸರನ್ನು ಹೇಳುತ್ತಿಲ್ಲ. ಇಲ್ಲಿನ ಗುಣದೋಷಗಳನ್ನು ಕೊಳ್ಳುವವರು ಯಾವ ತಂತ್ರಾಂಶದಲ್ಲಾದರೂ ತಾವೇ ಪರೀಕ್ಷಿಸಿ ನೋಡಬೇಕೆಂಬುದು ನನ್ನ ಆಶಯ.

ಮೊದಲು ಎಕ್ಸೆಲ್‌ನಲ್ಲಿ ಆಗುತ್ತಿದ್ದ ತೊಂದರೆಯನ್ನು ಹೇಳಬೇಕು. ನಮ್ಮ ಹಾಡುಗಳನ್ನು ಸ್ಪಾಟಿಫೈಯಂಥ ಆನ್‌ಲೈನ್ ಮಳಿಗೆಗಳಿಗೆ ತಲಪಿಸುವ ವಿತರಕರು ಪ್ರತಿ ತಿಂಗಳು ಕಳಿಸುವ ಕಡತದಲ್ಲಿ ಹಾಡು, ದೇಶ, ಮಳಿಗೆ, ಚಂದಾದ ಬಗೆ ಇವುಗಳ ಒಂದೊಂದು ಜೋಡಣೆಗೂ ಒಂದೊಂದು ಸಾಲಿರುತ್ತದೆ, ಮತ್ತು ಆ ಸಾಲಿನ ಮೊತ್ತ ಬಹಳಷ್ಟು ಸಲ ಒಂದು ಸೆಂಟಿಗಿಂತ ಕಡಿಮೆ. ಆರು ತಿಂಗಳ ಕಡತಗಳನ್ನು ಒಟ್ಟುಗೂಡಿಸಿದರೆ ಎಕ್ಸೆಲ್ ಹಾಳೆಯ ಮಿತಿಯಾದ 10,48,576 ಸಾಲುಗಳು ಸಾಲದೆ ಹೋಗುತ್ತಿದ್ದವು. ಅದಕ್ಕಿಂತ ಹೆಚ್ಚು ಕಾಡಿದ್ದು ಸಂಖ್ಯೆಗಳ ರೂಪ ಬದಲಾಗುತ್ತಿದ್ದುದು. ಆಲ್ಬಮಿನ 13 ಅಂಕಿಗಳ ಬಾರ್‌ಕೋಡ್ ಸಂಖ್ಯೆಯನ್ನು ಎಕ್ಸೆಲ್ ತೆರೆದ ಕೂಡಲೇ '8.90ಇ+12' ಎಂಬಂತೆ ಕುಗ್ಗಿಸಿ ತೋರಿಸುತ್ತದೆ. ಅದನ್ನು ಗಮನಿಸದೆ ಉಳಿಸಿಬಿಟ್ಟರೆ ಕೊನೆಯ ಅಂಕಿಗಳು ಹೋದಂತೆಯೇ. ಒಮ್ಮೆ ಹೀಗೆ ಉಳಿಸಿದ ಕಡತದಲ್ಲಿ ನಮ್ಮ 11 ಆಲ್ಬಮುಗಳು ಒಂದೇ ಸಂಖ್ಯೆಯವಾಗಿ, ಅವುಗಳ ಹಣವೆಲ್ಲ ಒಂದೇ ಕಡೆ ಜಮೆಯಾಗಿತ್ತು. ಅದನ್ನು ಬಿಡಿಸಲು ನನಗೆ ಒಂದು ವಾರ ಹಿಡಿಯಿತು.

ಹೊಸ ತಂತ್ರಾಂಶ ಕಡತವನ್ನು ಅದು ಬಂದ ರೂಪದಲ್ಲೇ ಓದುತ್ತದೆ. ದೊಡ್ಡ ವಿತರಕರ ಕಡತಗಳ ಮಾದರಿಗಳು ಅದರಲ್ಲಿ ಮೊದಲೇ ಇವೆ. ಉಳಿದವರ ಕಡತಕ್ಕೆ ಯಾವ ಅಂಕಣ ಏನೆಂದು ಒಮ್ಮೆ ತೋರಿಸಿಕೊಟ್ಟರೆ ಸಾಕು. ಆಮೇಲೆ ಪ್ರತಿ ಸಾಲನ್ನೂ ಅದರ ಐಎಸ್‌ಆರ್‌ಸಿ ಸಂಕೇತದ ಮೂಲಕ ನಮ್ಮ ಹಾಡಿಗೆ ಹೊಂದಿಸುತ್ತದೆ. ಪ್ರತಿಯೊಂದು ಧ್ವನಿಮುದ್ರಣಕ್ಕೂ 12 ಅಕ್ಷರಾಂಕಗಳ ಈ ಸಂಕೇತವೇ ಗುರುತು: ದೇಶಕ್ಕೆ ಎರಡು, ನೋಂದಾಯಿತರಿಗೆ ಮೂರು, ವರ್ಷಕ್ಕೆ ಎರಡು, ಹಾಡಿನ ಕ್ರಮಸಂಖ್ಯೆಗೆ ಐದು. ಹೊಂದಿಕೆಯಾಗದ ಸಾಲುಗಳು ಪ್ರತ್ಯೇಕ ಪಟ್ಟಿಯಲ್ಲಿ ಮೊತ್ತದ ಸಹಿತ ಉಳಿಯುತ್ತವೆ, ಮತ್ತು ಆ ಪಟ್ಟಿಗೆ ಒಂದು ಇತ್ಯರ್ಥ ಕಾಣಿಸದೆ ಅವಧಿಯನ್ನು ಮುಚ್ಚಲು ತಂತ್ರಾಂಶ ಬಿಡುವುದಿಲ್ಲ. ಮೊದಲ ದಿನವೇ ಅದು ಒಂದು ಸಂಕೇತಕ್ಕೆ ಎರಡು ಶೀರ್ಷಿಕೆಗಳಿವೆ ಎಂದು ಎಚ್ಚರಿಸಿತು. ಹಳೆಯ ಕಾಗದಪತ್ರ ತೆಗೆದು ನೋಡಿದರೆ, ಹಾಡಿಗೂ ಅದರ ಕರೋಕೆಗೂ ನಮ್ಮವರೇ ಒಂದೇ ಸಂಕೇತ ಕೊಟ್ಟಿದ್ದರು. ಕರೋಕೆಯ ಹಣವೂ ಮೂರು ವರ್ಷಗಳಿಂದ ಗಾಯಕಿಯ ಪಾಲಿಗೆ ಸೇರುತ್ತಿತ್ತು, ವಾದ್ಯವೃಂದ ನಡೆಸಿದವರಿಗೆ ಏನೂ ಸಿಕ್ಕಿರಲಿಲ್ಲ. ಈ ಒಂದು ಕೆಲಸಕ್ಕಾಗಿಯೇ ಚಂದಾ ಹಣ ಸಾರ್ಥಕವೆಂದು ನಾನು ಹೇಳಬಲ್ಲೆ.

ಒಪ್ಪಂದಗಳ ವಿಭಾಗವೂ ಗಟ್ಟಿಯಾಗಿದೆ. ಕನ್ನಡದ ಭಾವಗೀತೆಯಲ್ಲಿ ಪಾಲುಗಳ ಪ್ರಶ್ನೆ ಸರಳವಲ್ಲ, ಏಕೆಂದರೆ ಕವಿತೆ ಒಂದು ಕಾಲದ್ದು, ರಾಗಸಂಯೋಜನೆ ಇನ್ನೊಂದು ಕಾಲದ್ದು, ಗಾಯನ ಮತ್ತೊಂದು ಕಾಲದ್ದು. ಶಿಶುನಾಳ ಶರೀಫರು ತೀರಿಕೊಂಡದ್ದು 1889ರಲ್ಲಿ; ಅವರ ತತ್ತ್ವಪದದ ಸಾಹಿತ್ಯಕ್ಕೆ ಯಾರಿಗೂ ಪಾಲಿಲ್ಲ, ಆದರೆ ಈ ಕಾಲದವರು ಅದಕ್ಕೆ ಹಾಕಿದ ಹೊಸ ಸಂಯೋಜನೆಗೆ ಪಾಲುಂಟು. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ. ಲೇಖಕರು ಕಾಲವಾದ ಮರುವರ್ಷದಿಂದ 60 ವರ್ಷ ಎಂಬ ನಮ್ಮ ಕಾಯ್ದೆಯ ಲೆಕ್ಕದಲ್ಲಿ, ಅವರು ಬದುಕಿದ್ದಾಗ ಪ್ರಕಟವಾದ ಕವಿತೆಗಳ ಹಕ್ಕು 2041ರ ಕೊನೆಯವರೆಗೆ ಇರುತ್ತದೆ. ತಂತ್ರಾಂಶದಲ್ಲಿ ಪ್ರತಿ ಪಾಲಿಗೂ ಆರಂಭದ ಮತ್ತು ಮುಕ್ತಾಯದ ದಿನಾಂಕ ನಮೂದಿಸಬಹುದಾದ್ದರಿಂದ ಇದನ್ನೆಲ್ಲ ಒಮ್ಮೆ ಬರೆದಿಟ್ಟರೆ ಮುಂದೆ ಯಾರೂ ನೆನಪಿಟ್ಟುಕೊಳ್ಳಬೇಕಾಗಿಲ್ಲ. ಕವಿಯೊಬ್ಬರ ಮೂವರು ಮಕ್ಕಳಿಗೆ ಸಮಪಾಲು ಎಂದಾಗ ಎಕ್ಸೆಲ್‌ನಲ್ಲಿ ನಾನು ತಲಾ 33.33 ಎಂದು ಬರೆಯುತ್ತಿದ್ದೆ, ಉಳಿದ 0.01 ಪ್ರತಿ ಸಲವೂ ಸಂಸ್ಥೆಯ ಖಾತೆಯಲ್ಲೇ ಉಳಿಯುತ್ತಿತ್ತು. ಇಲ್ಲಿ ಮೂರನೆಯ ಒಂದು ಎಂದೇ ಬರೆಯಬಹುದು, ಮತ್ತು ಒಟ್ಟು ಪೂರ್ತಿ 100 ಆಗದೆ ಒಪ್ಪಂದ ಜಾರಿಗೆ ಬರುವುದಿಲ್ಲ. ಮೊತ್ತ ಚಿಕ್ಕದು, ನಿಜ. ಆದರೂ ಅದು ಇನ್ನೊಬ್ಬರ ಹಣ.

ನಮ್ಮ ಕಾನೂನಿಗೆ ಬಂದರೆ ತಂತ್ರಾಂಶ ಹಿಂದೆ ಬೀಳುತ್ತದೆ. ಅದನ್ನು ಕಟ್ಟಿದವರ ಮನಸ್ಸಿನಲ್ಲಿದ್ದದ್ದು ಪಶ್ಚಿಮದ ಪದ್ಧತಿ. ಅಮೆರಿಕದಲ್ಲಿ ಡಿಸ್ಕ್ ಮತ್ತು ಡೌನ್‌ಲೋಡ್‌ಗಳಿಗೆ ಹಾಡೊಂದಕ್ಕೆ 2023ರಲ್ಲಿ 12 ಸೆಂಟ್, 2024ರಲ್ಲಿ 12.4 ಸೆಂಟ್ ಎಂಬ ಶಾಸನಬದ್ಧ ದರಗಳು ಅದರಲ್ಲಿ ಸಿದ್ಧವಾಗಿವೆ. ನಮಗೆ ಅವುಗಳ ಉಪಯೋಗವಿಲ್ಲ. ನಮಗೆ ಬೇಕಾದದ್ದು 1957ರ ಹಕ್ಕುಸ್ವಾಮ್ಯ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿಯ ಲೆಕ್ಕ. ಧ್ವನಿಮುದ್ರಿಕೆಯಲ್ಲಿ ಸೇರಿದ ಸಾಹಿತ್ಯ ಮತ್ತು ಸಂಗೀತದ ಕರ್ತೃಗಳು, ಹಕ್ಕನ್ನು ಪಡೆದವರೊಂದಿಗೆ ಸಮಾನವಾಗಿ ರಾಯಲ್ಟಿ ಹಂಚಿಕೊಳ್ಳುವ ತಮ್ಮ ಹಕ್ಕನ್ನು ಬಿಟ್ಟುಕೊಡುವಂತಿಲ್ಲ ಎಂದು ಆ ತಿದ್ದುಪಡಿ ಹೇಳುತ್ತದೆ. ಅದರಲ್ಲಿ ಒಂದು ಭಾಗದ ಹಣ, ಕರ್ತೃಗಳ ಪರವಾಗಿ ರಾಯಲ್ಟಿ ಸಂಗ್ರಹಿಸುವ ಐಪಿಆರ್‌ಎಸ್ ಎಂಬ ಸಂಘದ ಮೂಲಕ ಸದಸ್ಯರಾದ ಕರ್ತೃಗಳಿಗೆ ನೇರವಾಗಿ ತಲಪುತ್ತದೆ, ಒಂದು ಭಾಗ ನಮ್ಮ ಕೈಯಿಂದ ಹೋಗುತ್ತದೆ. ಯಾವುದು ಅಲ್ಲಿ ಸಂದಿದೆ, ಯಾವುದು ಇಲ್ಲಿ ಸಲ್ಲಬೇಕು ಎಂಬುದನ್ನು ಗುರುತಿಸಲು ತಂತ್ರಾಂಶದಲ್ಲಿ ಸ್ಥಳವಿಲ್ಲ. ಪ್ರತಿ ಕರ್ತೃವಿನ ಹೆಸರಿಗೂ ನಾವೇ ಒಂದು ಗುರುತು ಸೇರಿಸಿಕೊಂಡು ಕೆಲಸ ನಡೆಸುತ್ತಿದ್ದೇವೆ.

ತೆರಿಗೆಯ ಮಾತೂ ಇದೇ. ಒಬ್ಬರಿಗೆ ವರ್ಷದಲ್ಲಿ ಕೊಡುವ ರಾಯಲ್ಟಿ 50,000 ರೂಪಾಯಿ ದಾಟಿದಾಗ ಶೇ. 10ರಷ್ಟು ತೆರಿಗೆಯನ್ನು ಮೂಲದಲ್ಲೇ (ಟಿಡಿಎಸ್) ಕಡಿಯಬೇಕು, ಪ್ಯಾನ್ ಕೊಡದವರಿಗೆ ಶೇ. 20, ಈ ಮಿತಿ 2025ರ ಏಪ್ರಿಲ್‌ಗೆ ಮುಂಚೆ 30,000 ಇತ್ತು. ತಂತ್ರಾಂಶದಲ್ಲಿರುವುದು ಒಬ್ಬೊಬ್ಬರಿಗೆ ಒಂದು ಶೇಕಡಾ ದರ ನಮೂದಿಸುವ ಚೌಕ ಮಾತ್ರ; ವರ್ಷದ ಮೊತ್ತ ಮಿತಿ ದಾಟಿತೇ ಎಂದು ಅದು ನೋಡುವುದಿಲ್ಲ. ಸಂಯೋಜಕರಿಂದ ಹಕ್ಕು ಪಡೆದ ಸಂಗೀತ ಸಂಸ್ಥೆಯೇ ರಿವರ್ಸ್ ಚಾರ್ಜ್‌ನಲ್ಲಿ, ಅಂದರೆ ಕೊಟ್ಟವರ ಬದಲು ಪಡೆದವರೇ ತೆರಿಗೆ ಕಟ್ಟುವ ಕ್ರಮದಲ್ಲಿ, ಜಿಎಸ್‌ಟಿ ಕಟ್ಟಬೇಕೆಂಬುದಂತೂ ಅದಕ್ಕೆ ಗೊತ್ತೇ ಇಲ್ಲ. ಹಾಗಾಗಿ ಅಂತಿಮ ಮೊತ್ತಗಳನ್ನು ಹೊರತೆಗೆದು ಟ್ಯಾಲಿ ಎಂಬ ಲೆಕ್ಕಪತ್ರ ತಂತ್ರಾಂಶದಲ್ಲಿ ತೆರಿಗೆ ಮುಗಿಸುತ್ತೇವೆ. ಭಾರತದಲ್ಲಿ ಗಿರಾಕಿಗಳನ್ನು ಹುಡುಕುವ ಯಾವ ಕಂಪನಿಯಾದರೂ ಇದನ್ನು ಮೊದಲು ಸರಿಪಡಿಸಬೇಕು.

ಬೆಲೆ ಯುರೋದಲ್ಲಿರುವುದರಿಂದ ವಿನಿಮಯ ದರದೊಂದಿಗೆ ಏರಿಳಿಯುತ್ತದೆ. ನೂರಿನ್ನೂರು ಹಾಡುಗಳಷ್ಟೇ ಇರುವವರಿಗೆ ಇದು ಬೇಡ. ಜಾಗರೂಕತೆಯಿಂದ ಮಾಡಿದ ಎಕ್ಸೆಲ್ ಸಾಕು. ಒಪ್ಪಂದಕ್ಕೆ ಸಹಿ ಮಾಡುವ ಮುನ್ನ, ನಮ್ಮ ದತ್ತಾಂಶ ಯಾರ ಕೈಯಲ್ಲಿರುತ್ತದೆ ಮತ್ತು ಕಂಪನಿ ಕೈ ಬದಲಾದರೆ ಏನಾಗುತ್ತದೆ ಎಂದು ಲಿಖಿತವಾಗಿ ಕೇಳಿಕೊಳ್ಳುವುದು ಒಳ್ಳೆಯದು. ನಾವು ಬಳಸದ ಕರ್ವ್ ಎಂಬ ರಾಯಲ್ಟಿ ತಂತ್ರಾಂಶ ಆಗ ಡೌನ್‌ಟೌನ್ ಎಂಬ ಸಂಗೀತ ಕಂಪನಿಯದಾಗಿತ್ತು. ಡೌನ್‌ಟೌನನ್ನು ಯೂನಿವರ್ಸಲ್ ಸಂಗೀತ ಸಮೂಹ 775 ಮಿಲಿಯನ್ ಡಾಲರಿಗೆ ಕೊಳ್ಳುವುದಾಗಿ 2024ರ ಡಿಸೆಂಬರ್‌ನಲ್ಲಿ ಪ್ರಕಟವಾದಾಗ, ಪ್ರತಿಸ್ಪರ್ಧಿ ಸಂಸ್ಥೆಗಳ ರಾಯಲ್ಟಿ ವಿವರಗಳು ಆ ತಂತ್ರಾಂಶದ ಮೂಲಕ ಯೂನಿವರ್ಸಲ್‌ಗೆ ಸಿಗಬಹುದೆಂಬ ಆತಂಕವನ್ನು ಯುರೋಪಿಯನ್ ಕಮಿಷನ್ 2025ರಲ್ಲಿ ಎತ್ತಿತು. ಯಾರಿಗೆ ಎಷ್ಟು ಶೇಕಡಾ ಕೊಡುತ್ತೇವೆ ಎಂಬುದು ಸಣ್ಣ ಸಂಸ್ಥೆಗೂ ಗುಟ್ಟಿನ ವಿಷಯವೇ.

ಇನ್ನು ಪಟ್ಟಿಯ ವಿಚಾರ. ಇಷ್ಟೆಲ್ಲ ಕೆಲಸದ ಫಲವಾಗಿ ಪಾಲುದಾರರ ಕೈಗೆ ಹೋಗುವುದು ರಾಯಲ್ಟಿ ಪಟ್ಟಿ ಮಾತ್ರ. ಅದನ್ನು ಅವರು ಓದಿ ತಿಳಿಯಲಾಗದಿದ್ದರೆ ಉಳಿದ ಯಾವ ಗುಣದಿಂದಲೂ ಅವರಿಗೆ ಪ್ರಯೋಜನವಿಲ್ಲ. ಮೊದಲ ಅವಧಿಯ ಪಟ್ಟಿ ಹೋದ ವಾರ, ದಿವಂಗತ ಕವಿಯೊಬ್ಬರ ಮಗಳು ಧಾರವಾಡದಿಂದ ಫೋನ್ ಮಾಡಿ, 4,210 ರೂಪಾಯಿ ಯಾವಾಗ ಬರುತ್ತದೆ ಎಂದು ಕೇಳಿದರು. ಪಟ್ಟಿ ತೆರೆದು ನೋಡಿದೆ. ಕೊನೆಯ ಸಾಲಿನಲ್ಲಿ ಆ ಮೊತ್ತ ಆವರಣ ಚಿಹ್ನೆಯೊಳಗಿತ್ತು. ಲೆಕ್ಕಿಗರಿಗೆ ಆವರಣವೆಂದರೆ ಋಣ: ಅವರ ತಂದೆಗೆ ಹಿಂದೆ ಕೊಟ್ಟ ಮುಂಗಡದಲ್ಲಿ ಇನ್ನೂ ತೀರದ ಬಾಕಿ ಅದು. ಅವರಿಗೆ ಅದು ಬರಬೇಕಾದ ಹಣವಾಗಿ ಕಂಡದ್ದರಲ್ಲಿ ಯಾವ ತಪ್ಪೂ ಇರಲಿಲ್ಲ. ಫೋನಿನಲ್ಲಿ ಅದನ್ನು ವಿವರಿಸುವಾಗ ನನಗೆ ಬಹಳ ಸಂಕಟವಾಯಿತು.

ಆವರಣದ ಬದಲು 'ಮುಂಗಡದ ಬಾಕಿ' ಎಂದು ಕನ್ನಡದಲ್ಲಿ ಅಚ್ಚಾಗಲಿ ಎಂದು ಪಟ್ಟಿಯ ಮಾದರಿಯನ್ನು ತಿದ್ದಿದೆ. ತೆರೆಯ ಮೇಲೆ ಅಕ್ಷರಗಳು ಸರಿಯಾಗಿದ್ದವು. ಪಿಡಿಎಫ್‌ನಲ್ಲಿ ಮಾತ್ರ ಒತ್ತಕ್ಷರಗಳು ಬಿಡಿಬಿಡಿಯಾಗಿ, 'ಮೊತ್ತ' ಎಂಬಲ್ಲಿ ತ ಒತ್ತು ಕೆಳಗಿಳಿಯದೆ ಎರಡು ತಕಾರಗಳು ಪಕ್ಕಪಕ್ಕದಲ್ಲಿ, ನಡುವೆ ಒಂದು ಹಲಂತ ಚಿಹ್ನೆಯೊಂದಿಗೆ ನಿಂತಿದ್ದವು. ಸಹಾಯವಾಣಿಯವರು ವಿನಯದಿಂದ ಉತ್ತರಿಸಿದರು, ಎರಡು ಸಲ ಮಾದರಿಯನ್ನೂ ತರಿಸಿಕೊಂಡರು. ಒಂದೂವರೆ ವರ್ಷವಾದರೂ ಅದು ಸರಿಯಾಗಿಲ್ಲ. ಈಗ ಪ್ರತಿ ಪಟ್ಟಿಯೊಂದಿಗೆ ನಾವೇ ಒಂದು ಪುಟದ ಕನ್ನಡ ಪತ್ರ ಇಡುತ್ತೇವೆ. ಯಾವ ಯಾವ ಹಾಡು, ಎಷ್ಟು ಬಂತು, ಮುಂಗಡಕ್ಕೆ ಎಷ್ಟು ಹೋಯಿತು, ಕೈಗೆ ಎಷ್ಟು ಎಂದು ಅದರಲ್ಲಿರುತ್ತದೆ. 2024ರಿಂದ ಸ್ಪಾಟಿಫೈಯಲ್ಲಿ ಹನ್ನೆರಡು ತಿಂಗಳಲ್ಲಿ 1,000 ಸಲ ಕೇಳಿಸಿಕೊಳ್ಳದ ಹಾಡಿಗೆ ಧ್ವನಿಮುದ್ರಣದ ಹಣ ಬರುವುದಿಲ್ಲ. ಕೇಳಿದವರ ಸಂಖ್ಯೆ ಇದ್ದೂ ಮೊತ್ತ ಸೊನ್ನೆಯಾಗಿರುವ ಸಾಲುಗಳಿಗೆ ಆ ಕಾರಣವನ್ನೂ ಬರೆಯುತ್ತೇವೆ.

ನಾಲ್ಕನೆಯ ಅವಧಿಯಲ್ಲಿ ಅದೇ ಮಗಳು ಮತ್ತೆ ಫೋನ್ ಮಾಡಿದರು. ಈ ಸಲ ಹಾಡುಗಳ ಹೆಸರುಗಳನ್ನು ಒಂದೊಂದಾಗಿ ಓದಿದ್ದರು. ತಂದೆಯ ಇನ್ನೊಂದು ಪದ್ಯ ನಿಮ್ಮಲ್ಲಿದೆ, ರೇಡಿಯೊದಲ್ಲೂ ಕೇಳಿದ್ದೇನೆ, ಇಲ್ಲಿ ಏಕಿಲ್ಲ ಎಂದರು. ತಂತ್ರಾಂಶದಲ್ಲಿ ಹುಡುಕಿದಾಗ ಆ ಹಾಡು ಸಿಕ್ಕಿತು. ಸಾಹಿತ್ಯದ ಅಂಕಣದಲ್ಲಿ 'ಜನಪದ' ಎಂದು ಯಾರೋ ಕ್ಯಾಸೆಟ್ ಕಾಲದಲ್ಲೇ ಬರೆದಿದ್ದರು. ಕವನ ಸಂಕಲನದ ಪುಟದ ಚಿತ್ರವನ್ನು ಅವರು ಅಂದೇ ಕಳಿಸಿದರು. ಮುಚ್ಚಿದ ಅವಧಿಗಳನ್ನು ತಂತ್ರಾಂಶ ತಿದ್ದಗೊಡುವುದಿಲ್ಲವಾದ್ದರಿಂದ, ಹಿಂದಿನ ನಾಲ್ಕೂ ಅವಧಿಗಳ ಪಾಲನ್ನು ಅದು ತಾನೇ ಲೆಕ್ಕಹಾಕಿ ಮುಂದಿನ ಅವಧಿಗೆ ಹೊಂದಾಣಿಕೆಯ ಸಾಲಾಗಿ ಸೇರಿಸಿತು. ಅದಕ್ಕೂ ಹಿಂದಿನದನ್ನು ಹಳೆಯ ಎಕ್ಸೆಲ್ ಹಾಳೆಗಳಿಂದ ನಾನು ಕೈಯಾರೆ ತೆಗೆಯುತ್ತಿದ್ದೇನೆ.