ಕೈವಾರದ ರಾತ್ರಿಯೋ, ಚಾಮರಾಜಪೇಟೆಯ ಸಂಜೆಯೋ?

ಚಿಂತಾಮಣಿ ಕಡೆಯವರು ವರ್ಷಕ್ಕೆ ಒಂದೇ ಸಲ ಸಂಗೀತ ಕಚೇರಿ ಕೇಳೋಕೆ ಹೋಗೋದಾದರೆ ಎಲ್ಲಿಗೆ ಹೋಗಬೇಕು? ನನ್ನ ತಂಗಿ ಬೆಂಗಳೂರಿನ ರಾಮನವಮಿ ಪೆಂಡಾಲ್ ಅನ್ನುತ್ತಾಳೆ. ನಾನು ನಮ್ಮ ಹತ್ತಿರದ ಕೈವಾರ, ಯೋಗಿ ನಾರೇಯಣರ ಊರು, ಅನ್ನುತ್ತೇನೆ.

1939ರಲ್ಲಿ ಶುರುವಾದ ಶ್ರೀರಾಮ ಸೇವಾ ಮಂಡಳಿಯ ರಾಮನವಮಿ ಉತ್ಸವ ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದಲ್ಲಿ ನಡೆಯುತ್ತದೆ. ದೊಡ್ಡ ವಿದ್ವಾಂಸರ ಪೂರ್ತಿ ಕಚೇರಿ ಸಿಗುತ್ತದೆ. ರಾಗದ ಆಲಾಪನೆ, ಒಂದೇ ಸಾಲನ್ನು ಬೆಳೆಸುವ ಪಲ್ಲವಿ, ಮೃದಂಗದವರು ತಾವೇ ನುಡಿಸುವ ತನಿ ಆವರ್ತನ, ಯಾವುದಕ್ಕೂ ಅವಸರವಿಲ್ಲ. ಒಬ್ಬರನ್ನೇ ಮನಸಾರೆ ಕೇಳಬೇಕು ಅನ್ನುವವರಿಗೆ ಇದೇ ಸರಿ. ಆದರೆ ಕೊನೆಯ ಬಸ್ಸಿನ ಚಿಂತೆ ಇರುತ್ತದೆ, ಉಳಿಯೋಕೆ ನೆಂಟರ ಮನೆ ಇದ್ದರೆ ಒಳ್ಳೆಯದು.

ಕೈವಾರದ್ದು ಬೇರೆ ಥರ. ಗುರುಪೂರ್ಣಿಮೆಗೆ ಹಗಲು ರಾತ್ರಿ ಬಿಡದೆ ಸಂಗೀತ. ಹೆಸರಾದ ಗಾಯಕರು ಎದ್ದ ಜಾಗದಲ್ಲೇ ಹಳ್ಳಿಯ ಭಜನೆ ತಂಡ ಬಂದು ಕೂರುತ್ತದೆ, ಒಬ್ಬೊಬ್ಬರಿಗೆ ಸಿಗೋ ಸಮಯ ಕಮ್ಮಿ, ತಂಗಿಗೆ ಅದೇ ಬೇಜಾರು. ನನಗೆ ಮಾತ್ರ ಒಂದು ಬೆಳಗಿನ ಜಾವ ಮರೆಯೋಕಾಗಲ್ಲ. ಕಂಬಕ್ಕೆ ಒರಗಿ ತೂಕಡಿಸುತ್ತಿದ್ದೆ, ಯಾರೋ ನಾದಸ್ವರದಲ್ಲಿ ಬೆಳಗಿನ ರಾಗ ಬೌಳಿ ಎತ್ತಿಕೊಂಡರು, ಪಕ್ಕದಲ್ಲಿ ಮಲಗಿದ್ದ ಅಜ್ಜಿ ಎದ್ದು ಕೂತು ಕೈಮುಗಿದರು. ಅಂಥದ್ದು ಟಿಕೆಟ್ ತಗೊಂಡರೆ ಸಿಗುತ್ತಾ?

ಹೋದರೆ ಒಂದು ಶಾಲು ಇಟ್ಟುಕೊಳ್ಳಿ, ಜುಲೈ ರಾತ್ರಿ ಅಲ್ಲಿ ತಣ್ಣಗಿರುತ್ತದೆ.