ಡಿಸ್ಚಾರ್ಜ್ ಬುಕ್ಕಿಗೆ ಮೆಡಲ್ ಸೇರಿಸಿಕೊಡ್ತೀವಿ ಅಂದವರ ಕೈಗೆ ಬುಕ್ ಕೊಡಬೇಡಿ

ಅರಕಲಗೂಡು ಕಡೆಯ ಒಬ್ಬ ನಿವೃತ್ತ ಹವಾಲ್ದಾರರ ವಿಷಯ ಇದು. ಫಿರಂಗಿ ಪಡೆಯವರು. 1999ರಲ್ಲಿ ತಮ್ಮ ರೆಜಿಮೆಂಟ್ ಬಿಟ್ಟು ಬೇರೆ ಯೂನಿಟ್ಟಿಗೆ ಅಟ್ಯಾಚ್ ಆಗಿದ್ದರು. ಸೇನೆ ಬಿಡುವಾಗ ಕೊಡುವ ಸೇವಾ ವಿವರಗಳ ಪುಸ್ತಕವಾದ ಡಿಸ್ಚಾರ್ಜ್ ಬುಕ್ಕಿನ ಪದಕಗಳ ಪುಟದಲ್ಲಿ ಆಪ್ ವಿಜಯ್ ಮೆಡಲ್ (ಕಾರ್ಗಿಲ್ ಕಾರ್ಯಾಚರಣೆಯ ಪದಕ) ಇರಲಿಲ್ಲ. ಮಧ್ಯವರ್ತಿಯೊಬ್ಬ ಹದಿನೈದು ಸಾವಿರ ರೂಪಾಯಿ ಜೊತೆಗೆ ಅಸಲಿ ಬುಕ್ಕನ್ನೂ ತೆಗೆದುಕೊಂಡು ಹೋದ. ಎರಡು ತಿಂಗಳಿಗೆ ಬುಕ್ ವಾಪಸ್ ಬಂತು. ಅದರಲ್ಲಿ ಬಾಲ್‌ಪೆನ್ನಿನಲ್ಲಿ ಬರೆದ ಒಂದು ಸಾಲು, ಪಕ್ಕಕ್ಕೆ ಒಂದು ರಬ್ಬರ್ ಸ್ಟಾಂಪು. ಪಾರ್ಟ್ ಟು ಆರ್ಡರ್ (ಸೈನಿಕರ ದಾಖಲೆಗೆ ಏನಾದರೂ ಸೇರಿಸಲು ಹೊರಡಿಸುವ ಅಧಿಕೃತ ಆದೇಶ) ನಂಬರೂ ಇಲ್ಲ, ತಾರೀಖೂ ಇಲ್ಲ. ಸಾಲದ್ದಕ್ಕೆ ಮೆಡಲ್ ಅಂತ ಬರೆಯುವ ಕಡೆ ಆಪ್ ವಿಜಯ್ ಸ್ಟಾರ್ ಅಂತ ಬರೆದಿದ್ದ.

ಆಮೇಲೆ ಹೆಂಡತಿಯ ಜನ್ಮದಿನಾಂಕ ಸರಿಪಡಿಸಲು ಅದೇ ಬುಕ್ಕಿನ ನಕಲು ರೆಕಾರ್ಡ್ ಆಫೀಸಿಗೆ ಹೋಯಿತು. ಅಲ್ಲಿ ಶೀಟ್ ರೋಲ್ ಅನ್ನುವ ಮೂಲ ಸೇವಾ ದಾಖಲೆಯ ಜೊತೆ ತಾಳೆ ನೋಡಿದಾಗ ಆ ಸಾಲು ಸಿಕ್ಕಿಬಿತ್ತು. ಮೆಡಲ್ ವಿಷಯ ಹಾಗಿರಲಿ, ಜನ್ಮದಿನಾಂಕದ ಕೆಲಸವೂ ನಿಂತು, ಬುಕ್ ತಿದ್ದಿದ್ದು ಯಾರು ಅಂತ ವಿವರಣೆ ಕೇಳಿ ಪತ್ರ ಬಂತು. ಸಂಕಟ ಏನೆಂದರೆ, ಮೆಡಲಿಗೆ ಅವರು ನಿಜಕ್ಕೂ ಅರ್ಹರೇ ಆಗಿದ್ದರು. ಒಂದು ಅರ್ಜಿಯಲ್ಲಿ ಮುಗಿಯುವ ಕೆಲಸ.

ಡಿಸ್ಚಾರ್ಜ್ ಬುಕ್ ಮೂಲ ದಾಖಲೆ ಅಲ್ಲ, ಮೂಲದಿಂದ ಇಳಿಸಿಕೊಂಡ ಪ್ರತಿ. ಮೂಲ ಅಂದರೆ ರೆಕಾರ್ಡ್ ಆಫೀಸಿನಲ್ಲಿರುವ ಶೀಟ್ ರೋಲ್. ಶೀಟ್ ರೋಲಿಗೆ ಏನೇ ಏರಬೇಕಾದರೂ ಪಾರ್ಟ್ ಟು ಆರ್ಡರ್ ಆಗಬೇಕು. ಮದುವೆ, ಮಕ್ಕಳು, ಬಡ್ತಿ, ಶಿಕ್ಷೆ ಎಲ್ಲ ಹಾಗೆಯೇ ಏರಿದ್ದು. ಮೆಡಲಿಗೂ ಅದೇ ದಾರಿ: ಯೂನಿಟ್ಟು ಅರ್ಹರ ನಾಮಿನಲ್ ರೋಲ್ (ಹೆಸರುಗಳ ಪಟ್ಟಿ) ಕಳಿಸಬೇಕು, ಆರ್ಡರ್ ಪ್ರಕಟವಾಗಬೇಕು, ಶೀಟ್ ರೋಲಿಗೆ ಏರಬೇಕು, ಆಮೇಲೆ ಪದಕ ಕೈಗೆ ಬರಬೇಕು. ಹಾಗಾಗಿ ಬುಕ್ಕಿನಲ್ಲಿ ಎಷ್ಟು ಅಂದವಾಗಿ ಬರೆಸಿಕೊಂಡು ಬಂದರೂ ಹಿಂದೆ ಆರ್ಡರ್ ಇಲ್ಲದಿದ್ದರೆ ಅದು ತಿದ್ದುಪಡಿ ಅಲ್ಲ, ಫೋರ್ಜರಿ.

ಎಲ್ಲಿ ತಪ್ಪುತ್ತದೆ? ಹೆಚ್ಚಾಗಿ ಅಟ್ಯಾಚ್‌ಮೆಂಟಿನಲ್ಲಿ. ಮೂಲ ಯೂನಿಟ್ಟು ‘ಅಲ್ಲಿಯವರು ಕಳಿಸುತ್ತಾರೆ’ ಅಂದುಕೊಳ್ಳುತ್ತದೆ, ಅಲ್ಲಿಯವರು ‘ಇವನು ನಮ್ಮವನಲ್ಲ’ ಅಂತ ಬಿಡುತ್ತಾರೆ. ಎರಡೂ ಪಟ್ಟಿಯಲ್ಲಿ ಹೆಸರಿಲ್ಲ. ಇನ್ನು, ಕಾರ್ಯಾಚರಣೆ ಮುಗಿದು ಪಟ್ಟಿ ತಯಾರಾಗುವ ಹೊತ್ತಿಗೆ ಪೆನ್ಶನ್ ಬಂದು ಊರು ಸೇರಿದವರು. 1971ರ ಯುದ್ಧದವರಲ್ಲೂ ಶ್ರೀಲಂಕಾಕ್ಕೆ ಹೋದವರಲ್ಲೂ ಇಂಥವರು ಸಿಗುತ್ತಾರೆ. ನಾಯಬ್ ಸುಬೇದಾರ್ ಆದಮೇಲೆ ನಂಬರ್ ಬದಲಾಗಿ ಜೆಸಿ (ಜೂನಿಯರ್ ಕಮಿಷನ್ಡ್ ಆಫೀಸರ್) ನಂಬರ್ ಬರುತ್ತದಲ್ಲ, ಹಳೆಯ ನಂಬರಿನಲ್ಲಿ ಆದ ಆರ್ಡರ್ ಅಲ್ಲೇ ಉಳಿದಿರುವುದೂ ಉಂಟು. ಅರ್ಜಿಯಲ್ಲಿ ಎರಡೂ ನಂಬರ್ ಬರೆಯಿರಿ.

ಅರ್ಜಿ ಬರೆಯುವ ಮುಂಚೆ ನಿಮ್ಮದು ಯಾವ ತೊಂದರೆ ಅಂತ ಗೊತ್ತಾಗಬೇಕು. ಆರ್ಡರೇ ಆಗಿಲ್ಲವೋ, ಆರ್ಡರ್ ಆಗಿ ಬುಕ್ಕಿಗೆ ಇಳಿದಿಲ್ಲವೋ, ಬುಕ್ಕಿನಲ್ಲಿದ್ದೂ ಪದಕ ಮಾತ್ರ ಕೈಗೆ ಬಂದಿಲ್ಲವೋ? ಎರಡನೆಯದು ಸಲೀಸು. ಮೂರನೆಯದು ಪದಕ ಕೊಡುವ ಕೆಲಸ, ದಾಖಲೆ ತಿದ್ದುವುದಲ್ಲ. ಒದ್ದಾಟ ಇರುವುದು ಮೊದಲನೆಯದರಲ್ಲಿ. ಇದು ತಿಳಿಯದೆ ‘ನನ್ನ ಮೆಡಲ್ ಕೊಡಿ’ ಅಂತ ಒಂದು ಸಾಲು ಬರೆದು ಕಳಿಸಿದರೆ ‘ದಾಖಲೆಯಲ್ಲಿ ಇಲ್ಲ’ ಅನ್ನುವ ಒಂದು ಸಾಲಿನ ಉತ್ತರ ಬರುತ್ತದೆ.

ತಿಳಿಯಲು ಆರ್‌ಟಿಐ ಹಾಕಿ. ಫೀಸು 10 ರೂಪಾಯಿ, ನಕಲಿಗೆ ಪುಟಕ್ಕೆ 2 ರೂಪಾಯಿ. ಪೋಸ್ಟಲ್ ಆರ್ಡರ್ ಹಳ್ಳಿಯ ಬ್ರಾಂಚ್ ಪೋಸ್ಟಿನಲ್ಲಿ ಸಿಗದಿದ್ದರೆ ಹೆಡ್ ಪೋಸ್ಟ್ ಆಫೀಸಿಗೆ ಹೋಗಿ, ಇಲ್ಲವೇ ಆನ್‌ಲೈನಿನಲ್ಲಿ ಕಟ್ಟಿ. ‘ನನಗೇಕೆ ಕೊಟ್ಟಿಲ್ಲ’ ಅಂತ ಕೇಳಬೇಡಿ, ಕಾರಣ ಕೇಳುವ ಪ್ರಶ್ನೆಯನ್ನು ಪಕ್ಕಕ್ಕೆ ಸರಿಸುತ್ತಾರೆ. ಕಾಗದ ಕೇಳಿ: ಶೀಟ್ ರೋಲಿನ ಪದಕಗಳ ಪುಟದ ನಕಲು, ಇಂಥ ಪದಕದ ಪಾರ್ಟ್ ಟು ಆರ್ಡರಿನ ನಕಲು, ಇಂಥ ಯೂನಿಟ್ಟು ಕಳಿಸಿದ ನಾಮಿನಲ್ ರೋಲಿನಲ್ಲಿ ನನ್ನ ಹೆಸರಿರುವ ಪುಟ. 30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ, ಅದಕ್ಕೆ ಫೀಸಿಲ್ಲ.

ಯಾವ ರೆಕಾರ್ಡ್ ಆಫೀಸು ಅನ್ನುವಲ್ಲೂ ತಪ್ಪುತ್ತಾರೆ. ಬೆಂಗಳೂರಿನದು ಎಲ್ಲರಿಗೂ ಅಲ್ಲ. ಮದ್ರಾಸ್ ಸ್ಯಾಪರ್ಸ್‌ನವರದು ಬೆಂಗಳೂರು. ಮರಾಠಾ ಲೈಟ್ ಇನ್‌ಫೆಂಟ್ರಿಯವರದು ಬೆಳಗಾವಿ, ಮದ್ರಾಸ್ ರೆಜಿಮೆಂಟಿನವರದು ವೆಲ್ಲಿಂಗ್ಟನ್, ಫಿರಂಗಿ ಪಡೆಯವರದು ನಾಸಿಕ್ ರೋಡ್, ಸಿಗ್ನಲ್ಸ್‌ನವರದು ಜಬಲ್ಪುರ, ಇಎಂಇಯವರದು (ಸೇನೆಯ ಎಲೆಕ್ಟ್ರಾನಿಕ್ಸ್ ಮತ್ತು ಮೆಕ್ಯಾನಿಕಲ್ ಎಂಜಿನಿಯರುಗಳು) ಸಿಕಂದರಾಬಾದ್.

ನೀವು ಕೇಳುತ್ತಿರುವ ಪದಕ ನಿಮ್ಮದೇನಾ ಅಂತ ಮೊದಲು ನೋಡಿಕೊಳ್ಳಿ. ಆಪ್ ವಿಜಯ್ ಸ್ಟಾರ್ ಕಾರ್ಗಿಲ್ ಕಾಳಗದ ಪ್ರದೇಶದಲ್ಲಿ ಇದ್ದವರಿಗೆ. ಆ ಕಾರ್ಯಾಚರಣೆಗೆ ಬೇರೆ ಕಡೆ ನಿಯೋಜನೆಯಾದವರಿಗೆ ಮೆಡಲ್. 1971ರಲ್ಲಿ ಪಶ್ಚಿಮದವರಿಗೆ ಪಶ್ಚಿಮಿ ಸ್ಟಾರ್, ಪೂರ್ವದವರಿಗೆ ಪೂರ್ವಿ ಸ್ಟಾರ್. ಹೈ ಆಲ್ಟಿಟ್ಯೂಡ್ ಮೆಡಲಿಗೆ 9,000 ಅಡಿಗಿಂತ ಮೇಲೆ ಒಟ್ಟು 180 ದಿನ ತುಂಬಿರಬೇಕು. 17 ವರ್ಷ ಸೇವೆ ಮಾಡಿ 20 ವರ್ಷದ ಲಾಂಗ್ ಸರ್ವಿಸ್ ಮೆಡಲ್ ಕೇಳುವವರೂ ಇದ್ದಾರೆ, ಅವರಿಗೆ 9 ವರ್ಷದ್ದು ಮಾತ್ರ. ಸ್ವಾತಂತ್ರ್ಯದ 50ನೇ ವರ್ಷದ ಮೆಡಲ್ ಮಾತ್ರ ಸುಲಭ: 15 ಆಗಸ್ಟ್ 1997ರಂದು ಸೇವೆಯಲ್ಲಿದ್ದರೆ ಸಾಕು, ಭರ್ತಿಯ ಮತ್ತು ಬಿಡುಗಡೆಯ ತಾರೀಖುಗಳೇ ಸಾಕ್ಷಿ.

ಸಾಕ್ಷಿಗಳ ತೂಕ ಒಂದೇ ಅಲ್ಲ. ಮೂವ್‌ಮೆಂಟ್ ಆರ್ಡರ್, ಅಟ್ಯಾಚ್‌ಮೆಂಟ್ ಪತ್ರ, ಆ ಅವಧಿಯ ಲೀವ್ ಸರ್ಟಿಫಿಕೇಟ್, ಫೀಲ್ಡ್ ಆಸ್ಪತ್ರೆಯ ಚೀಟಿ ಇವು ಗಟ್ಟಿ. ಜೊತೆಗಿದ್ದವರು ಛಾಪಾ ಕಾಗದದಲ್ಲಿ ಬರೆದುಕೊಟ್ಟ ಅಫಿಡವಿಟ್ ಒಂದನ್ನೇ ನಂಬಿಕೊಂಡರೆ ಕೆಲಸ ಆಗದು. ‘56 ಎಪಿಒ’ (ಸೇನಾ ಅಂಚೆ ಕಚೇರಿ) ಅಂತ ವಿಳಾಸವಿರುವ ಹಳೆಯ ಇನ್‌ಲ್ಯಾಂಡ್ ಪತ್ರ ಮನೆಯವರಿಗೆ ದೊಡ್ಡ ಸಾಕ್ಷಿಯಂತೆ ಕಾಣುತ್ತದೆ. ಆದರೆ ಜಾಗ ತಿಳಿಯಬಾರದು ಅಂತಲೇ ಇರುವ ವಿಳಾಸ ಅದು. ಅಂಗಡಿಯಲ್ಲಿ ಕೊಂಡ ಪದಕ ಸಾಕ್ಷಿಯೇ ಅಲ್ಲ. ಸರ್ಕಾರ ಕೊಟ್ಟದ್ದರ ಅಂಚಿನಲ್ಲಿ ಸಾಮಾನ್ಯವಾಗಿ ನಂಬರ್, ಹೆಸರು ಕೆತ್ತಿರುತ್ತದೆ, ಕೊಂಡದ್ದರ ಅಂಚು ಬೋಳು.

ಅರ್ಜಿ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಇರಲಿ. ನಂಬರ್, ರ‍್ಯಾಂಕ್, ಹೆಸರು, ಪಿಪಿಒ (ಪಿಂಚಣಿ ಪಾವತಿ ಆದೇಶ) ನಂಬರ್, ಪದಕದ ಪೂರ್ಣ ಹೆಸರು ಮತ್ತು ಕ್ಲಾಸ್ಪ್ (ರಿಬ್ಬನ್ನಿನ ಮೇಲಿನ ಲೋಹದ ಪಟ್ಟಿ), ಆ ಅವಧಿಯಲ್ಲಿ ಯಾವ ಯೂನಿಟ್ಟು, ಅಟ್ಯಾಚ್ ಆಗಿದ್ದರೆ ಎಲ್ಲಿಗೆ, ಯಾವ ತಾರೀಖಿನಿಂದ ಎಲ್ಲಿಯವರೆಗೆ. ಹೆಸರಿನ ಸ್ಪೆಲ್ಲಿಂಗ್ ಡಿಸ್ಚಾರ್ಜ್ ಬುಕ್ಕಿನಲ್ಲಿ ಇದ್ದ ಹಾಗೇ ಇರಬೇಕು. ಆಧಾರಿನಲ್ಲಿ ಇನಿಷಿಯಲ್ ಬಿಡಿಸಿ, ಕೊನೆಗೆ ಗೌಡ ಸೇರಿಸಿಕೊಂಡಿದ್ದರೆ ಅದನ್ನು ಇಲ್ಲಿ ತರಬೇಡಿ. ಹೆಸರು ಅಥವಾ ಜನ್ಮದಿನಾಂಕದ ತಿದ್ದುಪಡಿಯನ್ನು ಇದೇ ಪತ್ರದಲ್ಲಿ ತುರುಕಿದರೆ ಕಾಗದ ಒಂದು ಮೇಜಿನಿಂದ ಇನ್ನೊಂದಕ್ಕೆ ತಿರುಗುತ್ತಲೇ ಇರುತ್ತದೆ. ಅದಕ್ಕೆ ಬೇರೆ ಅರ್ಜಿ.

ಸೈನಿಕರು ತೀರಿಕೊಂಡಿದ್ದರೆ ಅರ್ಜಿ ಹೆಂಡತಿಯ ಹೆಸರಲ್ಲಿ, ಕುಟುಂಬ ಪಿಂಚಣಿಯ ಪಿಪಿಒ ನಕಲಿನ ಜೊತೆ ಹೋಗಲಿ. ಅವರೂ ಇಲ್ಲದಿದ್ದರೆ ಮಕ್ಕಳು ನಾಡಕಚೇರಿಯ ವಂಶವೃಕ್ಷ ಇಡಬೇಕು. ಅದು ಕನ್ನಡದಲ್ಲಿರುತ್ತದೆ, ಜಬಲ್ಪುರದಲ್ಲಿ ಓದುವವರಿಲ್ಲ. ನೋಟರಿ ಮಾಡಿಸಿದ ಇಂಗ್ಲಿಷ್ ಅನುವಾದ ಸೇರಿಸಿ. ಪಿಂಚಣಿ ಇಲ್ಲದೆ ಸೇವೆ ಬಿಟ್ಟವರ ಕಡತಗಳನ್ನು 25 ವರ್ಷದ ನಂತರ ನಾಶ ಮಾಡುವ ನಿಯಮವಿದೆ. ಉಳಿಯುವುದು ಲಾಂಗ್ ರೋಲ್ (ಸೈನಿಕರ ಸಂಕ್ಷಿಪ್ತ ವಿವರದ ದಾಖಲೆ) ಒಂದೇ. ಅಂಥವರು ತಡ ಮಾಡಬಾರದು.

ಮಧ್ಯವರ್ತಿಗಳು ‘ಮೆಡಲ್ ಏರಿದರೆ ಪೆನ್ಶನ್ ಏರುತ್ತದೆ’ ಅನ್ನುತ್ತಾರೆ. ಯುದ್ಧದಲ್ಲಿ, ಕಾರ್ಯಾಚರಣೆಯಲ್ಲಿ ಇದ್ದದ್ದಕ್ಕೆ ಸಿಗುವ ಪದಕಕ್ಕೆ ಒಂದು ಪೈಸೆಯೂ ಇಲ್ಲ. ತಿಂಗಳ ಭತ್ಯೆ ಇರುವುದು ಶೌರ್ಯ ಪದಕಕ್ಕೆ. 2017ರ ಪರಿಷ್ಕರಣೆಯಂತೆ ಶೌರ್ಯಕ್ಕೆ ಕೊಟ್ಟ ಸೇನಾ ಮೆಡಲಿಗೆ 2,000, ವೀರ ಚಕ್ರಕ್ಕೆ 7,000 ರೂಪಾಯಿ.

ಅರ್ಜಿ ತುಂಬಲು ಕೈಲಾಗದಿದ್ದರೆ ಹಾಸನದ ಸೈನಿಕ ಕಲ್ಯಾಣ ಕಚೇರಿಯಲ್ಲಿ ಕೇಳಿ, ಅದಕ್ಕೆ ದುಡ್ಡು ಕೊಡಬೇಕಿಲ್ಲ. ಅರ್ಜಿಯ ಜೊತೆ ಸ್ವಯಂ ದೃಢೀಕರಿಸಿದ ನಕಲುಗಳು ಮಾತ್ರ, ಸ್ಪೀಡ್ ಪೋಸ್ಟಿನಲ್ಲಿ. ರಸೀದಿ ಎತ್ತಿಡಿ. ಆರ್ಡರ್ ಆದಮೇಲೆ ನಮೂದಿಗೆ ರೆಕಾರ್ಡ್ ಆಫೀಸೇ ಅಸಲಿ ಬುಕ್ ಕೇಳಿದರೆ, ಪ್ರತಿ ಪುಟ ಸ್ಕ್ಯಾನ್ ಮಾಡಿಕೊಂಡು, ಅವರು ಕೇಳಿದ ಪತ್ರದ ನಂಬರ್ ಉಲ್ಲೇಖಿಸಿ ಕಳಿಸಿ. ವಾಪಸ್ ಬಂದ ದಿನವೇ ತೆರೆದು, ಹೊಸ ಸಾಲಿನ ಮುಂದೆ ಪಾರ್ಟ್ ಟು ಆರ್ಡರ್ ನಂಬರ್, ತಾರೀಖು, ಅಧಿಕಾರಿಯ ಸಹಿ ಮೂರೂ ಇದೆಯೇ ನೋಡಿ.