ಮನೆಯಲ್ಲೇ ಜೋಡಿಸಿದ ಕಿಟ್ ಕಾರು: ಮುಗಿಸಲು 19 ತಿಂಗಳು, ಓಡಿಸಿ ಎರಡು ವರ್ಷ

ಮೊದಲೇ ಹೇಳಿಬಿಡುತ್ತೇನೆ. ಬಿಡಿಭಾಗಗಳ ಕಿಟ್ ಕೊಂಡು ನಾನೇ ಜೋಡಿಸಿದ ಈ ಸ್ಪೋರ್ಟ್ಸ್ ಕಾರಿಗೆ ನಂಬರ್ ಪ್ಲೇಟ್ ಇಲ್ಲ, ಬರುವುದೂ ಇಲ್ಲ. ಬಸವೇಶ್ವರನಗರದ ನಮ್ಮ ಮನೆಯಿಂದ ಹಾಲಿನ ಬೂತ್‌ಗೂ ಇದರಲ್ಲಿ ಹೋಗುವ ಹಾಗಿಲ್ಲ. ನೋಂದಣಿ ಇಲ್ಲದ ಗಾಡಿ ರಸ್ತೆಗೆ ಇಳಿಯಬಾರದು ಅಂತ ಮೋಟಾರು ವಾಹನ ಕಾಯ್ದೆಯ 39ನೇ ಸೆಕ್ಷನ್ ಹೇಳುತ್ತದೆ. ನೋಂದಣಿ ಬೇಕು ಅಂದರೆ ಪುಣೆಯ ಎಆರ್‌ಎಐ ಥರದ ಸಂಸ್ಥೆಗೆ ಮಾದರಿ ಗಾಡಿ ಕೊಟ್ಟು, ಪರೀಕ್ಷೆ ಮಾಡಿಸಿ, ಒಪ್ಪಿಗೆ ತರಬೇಕು. ಅದು ಸಾವಿರಗಟ್ಟಲೆ ಕಾರು ಮಾಡುವ ಕಂಪನಿಗಳಿಗೆ ಸರಿ. ಪೋರ್ಟಿಕೋದಲ್ಲಿ ಒಂದೇ ಒಂದು ಕಾರು ಕಟ್ಟುವವನಿಗೆ ಅಲ್ಲ. ಕಿಟ್ ಮಾರಿದವರು "ಆರ್‌ಟಿಓದಲ್ಲಿ ಹೆಂಗೋ ಆಗತ್ತೆ ಸಾರ್" ಅಂದಿದ್ದರು. ನಾನು ಅರ್ಧ ನಂಬಿದ್ದೆ.

ಕಿಟ್‌ನಲ್ಲಿ ಬಂದದ್ದು ಇಷ್ಟು. ಪೈಪ್ ವೆಲ್ಡ್ ಮಾಡಿ ಪೌಡರ್ ಕೋಟ್ ಬಣ್ಣ ಹೊಡೆದ ಚಾಸಿ (ಕಾರಿನ ಎಲುಬುಗೂಡು), ಐದು ತುಂಡಿನ ಫೈಬರ್ ಬಾಡಿ, ಸಸ್ಪೆನ್ಷನ್ ತೋಳುಗಳು, ಮಾರುತಿ 800ರ ಮುಂದಿನ ಹಬ್ ಮತ್ತು ಡಿಸ್ಕ್ ಬ್ರೇಕ್, ಒಂದು ವೈರಿಂಗ್ ಕಟ್ಟು, ಎರಡು ಡಬ್ಬ ನಟ್ಟು ಬೋಲ್ಟು. ಬೆಲೆ 3.4 ಲಕ್ಷ. ಇಂಜಿನ್, ಗೇರ್‌ಬಾಕ್ಸ್, ಹಿಂದಿನ ಆಕ್ಸಲ್ ನಾವೇ ತರಬೇಕು. ಅದಕ್ಕೆ ಕಾರ್ಬುರೇಟರ್ ಇರುವ ಒಂದು ಹಳೆಯ ಓಮ್ನಿಯನ್ನು 35 ಸಾವಿರಕ್ಕೆ ತಗೊಂಡೆ. ಅದರ ಆರ್‌ಸಿಯನ್ನು ಆರ್‌ಟಿಓಗೆ ಒಪ್ಪಿಸಿ ರದ್ದು ಮಾಡಿಸಿದೆ. ಈ ಕೆಲಸವನ್ನು ಮರೆಯಬೇಡಿ, ಆಮೇಲೆ ತಲೆನೋವು.

ಓಮ್ನಿಯೇ ಯಾಕೆ ಅಂದರೆ, 800ರಲ್ಲೂ ಓಮ್ನಿಯಲ್ಲೂ ಇರುವುದು 796 ಸಿಸಿಯ ಮೂರು ಸಿಲಿಂಡರ್ ಇಂಜಿನ್ನೇ ಆದರೂ, ಓಮ್ನಿಯಲ್ಲಿ ಅದು ಉದ್ದಕ್ಕೆ ಕೂರುತ್ತದೆ, ಹಿಂದಿನ ಚಕ್ರ ತಿರುಗಿಸುತ್ತದೆ. ಈ ಥರದ ಕಾರಿಗೆ ಬೇಕಾದದ್ದು ಅದೇ. ಓಮ್ನಿ ತಯಾರಿಕೆ 2019ರಲ್ಲೇ ನಿಂತಿದ್ದರೂ ಬಿಡಿಭಾಗಕ್ಕೆ ಬರವಿಲ್ಲ. ಶಿವಾಜಿನಗರದ ಗುಜರಿಯಲ್ಲಿ ಅರ್ಧ ದಿನ ಸುತ್ತಿದರೆ ಸಾಕು. "ಓಮ್ನಿ ಇಂಜಿನ್ನಲ್ಲಿ ಎಂಥ ಸ್ಪೋರ್ಟ್ಸ್ ಕಾರು" ಅಂತ ನಗುವವರು ಬಹಳ. ಕೊಯಮತ್ತೂರಿನ ಕರಿವರ್ಧನ್ ಫಾರ್ಮುಲಾ ಮಾರುತಿ ಅಂತ ರೇಸ್ ಕಾರು ಕಟ್ಟಿದ್ದು ಮಾರುತಿಯ ಈ ಪುಟ್ಟ ಇಂಜಿನ್ ಇಟ್ಟುಕೊಂಡೇ ಅಂತ ಅವರಿಗೆ ನೆನಪಿಸುತ್ತೇನೆ.

ಚಾಸಿ ಬಗ್ಗೆ ದೂರಿಲ್ಲ. ಪೀಣ್ಯದ ಒಬ್ಬ ವೆಲ್ಡಿಂಗ್ ಮೇಸ್ತ್ರಿಗೆ ತೋರಿಸಿದೆ. ಪ್ರತಿ ಜಾಯಿಂಟನ್ನೂ ಬೆರಳಿನಲ್ಲಿ ಸವರಿ ನೋಡಿ "ಕೈ ಚೆನ್ನಾಗಿದೆ" ಅಂದರು. ಇಂಜಿನ್ ಕೂರಿಸಲು ಎರಡು ಭಾನುವಾರ, ಆಕ್ಸಲ್‌ಗೆ ಒಂದು. ನಾಲ್ಕನೇ ತಿಂಗಳಿಗೆ ಕಾರು ಚಕ್ರದ ಮೇಲೆ ನಿಂತಿತ್ತು. ಬಾಡಿ ಸುಮ್ನೆ ಮೇಲಿಟ್ಟು ಫೋಟೋ ತೆಗೆದು ಎಲ್ಲರಿಗೂ ಕಳಿಸಿದೆ. "ಮುಗೀತಲ್ಲ!" ಅಂದರು. ಉಳಿದ 15 ತಿಂಗಳು ಹೋಗಿದ್ದು ಆ ಫೋಟೋದಲ್ಲಿ ಕಾಣದ ಕೆಲಸಗಳಿಗೆ. ಈ ಕಿಟ್ ಸೋಲುವುದೂ ಅಲ್ಲೇ.

ಜೊತೆಗೆ ಕೊಟ್ಟ ಪುಸ್ತಕ 46 ಪುಟ. ಕೊನೆಯ ಪುಟದಲ್ಲಿ ಒಂದೇ ಸಾಲು: ಬ್ರೇಕ್, ವೈರಿಂಗ್, ಪೆಟ್ರೋಲ್ ಪೈಪ್ ಜೋಡಿಸಿ, ಇಂಜಿನ್ ಸ್ಟಾರ್ಟ್ ಮಾಡಿ. ಇಂಗ್ಲೆಂಡಿನಲ್ಲಿ 1957ರಲ್ಲಿ ಬಂದ ಲೋಟಸ್ ಸೆವೆನ್ ಕಿಟ್ ರೂಪದಲ್ಲೂ ಸಿಗುತ್ತಿತ್ತು, ಹಾಗೆ ಕೊಂಡರೆ ತೆರಿಗೆ ಉಳಿಯುತ್ತಿತ್ತು. ಜೋಡಿಸುವ ಸೂಚನೆ ಕೊಟ್ಟರೆ ಆ ಲಾಭ ಇಲ್ಲ ಅಂತ, ಬಿಚ್ಚುವ ಸೂಚನೆ ಕೊಟ್ಟು ಅದನ್ನೇ ಹಿಂದುಮುಂದಾಗಿ ಓದಿಕೊಳ್ಳಿ ಅನ್ನುತ್ತಿದ್ದರಂತೆ. ನನಗೆ ಅದೂ ಸಿಗಲಿಲ್ಲ.

ಬ್ರೇಕ್ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಇದು ಜೀವದ ಪ್ರಶ್ನೆ. ಕಿಟ್‌ನಲ್ಲಿ ಬಂದ ಬ್ರೇಕ್ ಪೈಪುಗಳು ಎಷ್ಟು ಬಿಗಿದರೂ ತುದಿಯಲ್ಲಿ ಜಿನುಗುತ್ತಿದ್ದವು. ಒಂದನ್ನು ಬಿಚ್ಚಿಕೊಂಡು ಜೆಸಿ ರೋಡಿನ ಅಂಗಡಿಗೆ ಹೋದೆ. ಅಂಗಡಿಯವರು ಪೈಪಿನ ಬಾಯಿಯನ್ನು ಉಗುರಿನಿಂದ ಕೆರೆದು ನೋಡಿದರು. "ಒಂದೇ ಮಡಿಕೆ ಮಾಡವ್ರೆ ಸಾರ್. ಬ್ರೇಕ್‌ಗೆ ಎರಡು ಮಡಿಕೆ ಬೇಕು. ಇದು ಎಲ್ಲಾದ್ರೂ ಕಡಿಮೆ ಪ್ರೆಶರ್ ಇರೋ ಕಡೆಗೆ ಆಯ್ತದೆ." ಹೊಸ ಪೈಪ್ ಕತ್ತರಿಸಿ, ಕಣ್ಣೆದುರೇ ತುದಿಯನ್ನು ಒಳಕ್ಕೆ ಮಡಚಿ ಡಬಲ್ ಫ್ಲೇರ್ ಮಾಡಿಕೊಟ್ಟರು. ಜಿನುಗುವುದು ನಿಂತಿತು.

ಆಮೇಲೆ ಬ್ರೇಕ್ ಪೈಪಿನೊಳಗಿನ ಏರ್ ತೆಗೆಯುವ ಕೆಲಸ, ಗಾಳಿ ಉಳಿದರೆ ಪೆಡಲ್ ಮೆತ್ತಗಾಗುತ್ತದೆ. ಮಗಳು ಪೆಡಲ್ ಮೇಲೆ, ನಾನು ಚಕ್ರದ ಹತ್ತಿರ. ಗಾಳಿ ಹೊರಬಿಡುವ ನಿಪ್ಪಲ್‌ಗೆ ಪಾರದರ್ಶಕ ಟ್ಯೂಬ್ ಸಿಕ್ಕಿಸಿ, ಇನ್ನೊಂದು ತುದಿ ಆಯಿಲ್ ಇರುವ ಬಾಟಲಿಯಲ್ಲಿ. ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್‌ನಿಂದ ದೂರದ ಚಕ್ರ ಮೊದಲು, ಅಂದರೆ ನಮ್ಮ ಬಲಗಡೆ ಸ್ಟೀರಿಂಗ್ ಕಾರಿನಲ್ಲಿ ಹಿಂದಿನ ಎಡ ಚಕ್ರ. "ಒತ್ತು. ಹಿಡ್ಕೋ. ಬಿಡು." ಹಿಂದೆ ಎರಡೂ ಸಲೀಸಾಗಿ ಆದವು. ಮುಂದೆ ಮೂರು ಬಾಟಲಿ ಆಯಿಲ್ ಖಾಲಿಯಾದರೂ ಪೆಡಲ್ ಮೆತ್ತಗೇ ಇತ್ತು. "ಅಪ್ಪಾ, ಇಡ್ಲಿ ಮೇಲೆ ಕಾಲಿಟ್ಟ ಹಾಗಿದೆ" ಅಂದಳು ಮಗಳು. ಮೂರು ವಾರ ತಲೆ ಕೆಡಿಸಿಕೊಂಡೆ. ಮಾಸ್ಟರ್ ಸಿಲಿಂಡರ್ ಬದಲಾಯಿಸಿದೆ, ದಂಡ. ಕೊನೆಗೆ ಒಂದು ಸಂಜೆ ಟಾರ್ಚ್ ಹಿಡಿದು ನೆಲದ ಮೇಲೆ ಮಲಗಿ ನೋಡಿದಾಗ ಕಂಡಿತು: ಮುಂದಿನ ಡಿಸ್ಕ್‌ಗಳನ್ನು ಹಿಡಿಯುವ ಎರಡೂ ಕ್ಯಾಲಿಪರ್‌ಗಳ ನಿಪ್ಪಲ್ ಕೆಳಮುಖ. ಗಾಳಿ ಮೇಲೆ ಸೇರುತ್ತದೆ, ತೂತು ಕೆಳಗಿದೆ, ಇನ್ನೆಲ್ಲಿಂದ ಹೊರಗೆ ಬರಬೇಕು? ಪುಸ್ತಕದ ಚಿತ್ರದಲ್ಲೇ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹಾಕಿತ್ತು. ಅದಲುಬದಲು ಮಾಡಿದೆ. ಹತ್ತು ನಿಮಿಷದಲ್ಲಿ ಪೆಡಲ್ ಕಲ್ಲಿನ ಹಾಗಾಯಿತು.

ವೈರಿಂಗ್ ಇನ್ನೊಂದು ಕತೆ. ಹೆಡ್‌ಲೈಟ್ ಹಾಕಿದರೆ ಇಂಡಿಕೇಟರ್‌ಗಳೂ ಮಂಕಾಗಿ ಉರಿಯುತ್ತಿದ್ದವು. ತಗಡಿನ ಕಾರಿನಲ್ಲಿ ಬಾಡಿಯೇ ಅರ್ತ್, ಅಂದರೆ ಕರೆಂಟ್ ಬ್ಯಾಟರಿಗೆ ವಾಪಸ್ ಹೋಗುವ ದಾರಿ. ಫೈಬರ್‌ನಲ್ಲಿ ಕರೆಂಟ್ ಹರಿಯುವುದಿಲ್ಲ ಅನ್ನುವುದು ಗೊತ್ತಿದ್ದ ವಿಷಯವೇ, ಆದರೆ ಓಮ್ನಿಯ ಲೈಟುಗಳನ್ನು ಹಾಗೇ ಸಿಕ್ಕಿಸುವಾಗ ಯಾರಿಗೆ ನೆನಪಾಗುತ್ತದೆ? ಕಿಟ್‌ನ ವೈರಿಂಗ್ ಕಟ್ಟಿನಲ್ಲಿ ಅರ್ತ್ ವೈರೇ ಇರಲಿಲ್ಲ. ಪ್ರತಿ ಲೈಟಿನಿಂದ ಒಂದೊಂದು ಕಪ್ಪು ವೈರ್ ಎಳೆದು ಚಾಸಿಗೆ ಬಿಗಿದೆ. ಆಗಲೂ ಸರಿಯಾಗಿ ಉರಿಯಲಿಲ್ಲ. ಪೌಡರ್ ಕೋಟ್! ಆ ಬಣ್ಣದ ಪದರದಲ್ಲೂ ಕರೆಂಟ್ ಹರಿಯುವುದಿಲ್ಲ. ಬೋಲ್ಟ್ ಕೂರುವ ಜಾಗವನ್ನು ಕಬ್ಬಿಣ ಹೊಳೆಯುವವರೆಗೆ ಉಜ್ಜಿ, ಬಿಗಿದು, ಮೇಲೆ ಗ್ರೀಸ್ ಸವರಿದ ಮೇಲೆ ಸರಿಹೋಯಿತು.

ಮೊದಲ ಸಲ ಸೆಲ್ಫ್ ಹೊಡೆದಾಗ ಕಾರ್ಬುರೇಟರ್ ಬಾಯಿಂದ ಢಂ ಅಂತ ಸದ್ದು. ಮೇಲಿನ ಮನೆ ಅಜ್ಜಿ ಕಿಟಕಿಯಿಂದ "ಟ್ರಾನ್ಸ್‌ಫಾರ್ಮರ್ ಹೋಯ್ತೇನಪ್ಪಾ?" ಅಂದರು. ತಪ್ಪು ಪೂರ್ತಿ ನನ್ನದೇ. ಈ ಇಂಜಿನ್ ಕಿಡಿ ಹೊಡೆಯುವ ಕ್ರಮ 1-3-2. ನಾನು ಪ್ಲಗ್ ವೈರ್ ಹಾಕಿದ್ದು 1-2-3. ಎರಡು ವೈರ್ ಬದಲಿಸಿದೆ, ಎರಡನೇ ಸಲಕ್ಕೆ ಹಿಡಿಯಿತು.

ಈಗ ಎರಡು ವರ್ಷದ ಲೆಕ್ಕ. ಸುಮಾರು 640 ಕಿಲೋಮೀಟರ್ ಓಡಿದೆ. ಹೆಚ್ಚಿನದು ತಿಪಟೂರಿನ ಹತ್ತಿರ ನಮ್ಮ ಮಾವನ ತೆಂಗಿನ ತೋಟದೊಳಗಿನ ದಾರಿಯಲ್ಲಿ. ಎರಡು ಸಲ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಅನ್ನುವ ರೇಸ್ ಟ್ರ್ಯಾಕಿಗೆ. ಎಲ್ಲಿಗೆ ಹೋದರೂ ಫ್ಲಾಟ್‌ಬೆಡ್ ಮೇಲೆಯೇ, ಆ ಬಾಡಿಗೆ ಪೆಟ್ರೋಲ್ ಖರ್ಚಿಗಿಂತ ಎಷ್ಟೋ ಜಾಸ್ತಿ. ಕಿಟ್‌ನವರು 460 ಕೆಜಿ ಅಂದಿದ್ದರು, ಪೀಣ್ಯದ ವೇ ಬ್ರಿಡ್ಜ್ 540 ತೋರಿಸಿತು. ಆದರೂ ಓಮ್ನಿಗಿಂತ ಇನ್ನೂರು ಕೆಜಿಗೂ ಜಾಸ್ತಿ ಹಗುರ. ಎರಡನೇ ಗೇರ್‌ನಲ್ಲಿ ತಿರುವಿನಿಂದ ಹೊರಬರುವಾಗ ಅದು ಗೊತ್ತಾಗುತ್ತದೆ. ನೆಲದಿಂದ ಒಂದು ಗೇಣು ಮೇಲೆ ಕೂತಿರುತ್ತೀರಿ, 50ರ ವೇಗವೇ 100ರ ಹಾಗಿರುತ್ತದೆ. "ಅಳಿಯಂದ್ರೇ, ಕಾಯಿ ಬಿದ್ದಾವು, ಹೆಲ್ಮೆಟ್ ಹಾಕ್ಕೊಳ್ಳಿ" ಅಂತ ಮಾವ ಪ್ರತಿ ಸಲ ಹೇಳುತ್ತಾರೆ. ಹಾಕಿಕೊಳ್ಳುತ್ತೇನೆ.

ಹಾಳಾದವು: ಬಾನೆಟ್ ಕೊಂಡಿಯ ಸುತ್ತ ಫೈಬರ್ ಮೇಲೆ ಜೇಡರ ಬಲೆಯಂಥ ಬಿರುಕು. ಮೊದಲ ಮಳೆಗಾಲಕ್ಕೇ ತುಕ್ಕು ಹಿಡಿದ ಬೋಲ್ಟುಗಳು. ತುಕ್ಕು ದೊಡ್ಡ ವಿಷಯವಲ್ಲ. ಆದರೆ ಬಿಚ್ಚಿ ನೋಡಿದರೆ ಸಸ್ಪೆನ್ಷನ್ ಬೋಲ್ಟಿನ ತಲೆಯ ಮೇಲೆ ಅದು ಎಷ್ಟು ಗಟ್ಟಿ ಅಂತ ಹೇಳುವ ಗ್ರೇಡ್ ಗುರುತೇ ಇಲ್ಲ. ಇದನ್ನು ಕ್ಷಮಿಸಲಾರೆ. 8.8 ಅಂತ ಅಚ್ಚಿರುವ ಬೋಲ್ಟುಗಳನ್ನು ತಂದು ಒಂದೂ ಬಿಡದೆ ಬದಲಾಯಿಸಿದೆ. ಕಿಟ್ ತಗೊಂಡವರು ಯಾರಾದರೂ ಇದ್ದರೆ ಇವತ್ತೇ ನೋಡಿಕೊಳ್ಳಿ. ಈ ಬಗ್ಗೆ ಮಾರಿದವರಿಗೆ ವಾಟ್ಸಾಪ್ ಮಾಡಿದೆ, ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ.

ಐದಕ್ಕೆ ಮೂರು ಕೊಡುತ್ತೇನೆ, ಆ ಮೂರೂ ಚಾಸಿಗೆ. ಒಟ್ಟು ಖರ್ಚು ಆರು ಲಕ್ಷ ದಾಟಿತು. ಸ್ವಂತ ಜಾಗ ಇಲ್ಲದವರು, ಪಾನಾ ಹಿಡಿದು ಅಭ್ಯಾಸ ಇಲ್ಲದವರು ತಗೊಳ್ಳಬೇಡಿ. ಅಭ್ಯಾಸ ಇದ್ದರೆ ಚಾಸಿ ಮಾತ್ರ ಕೊಡುತ್ತಾರಾ ಅಂತ ಕೇಳಿ, ಉಳಿದದ್ದೆಲ್ಲ ಜೆಸಿ ರೋಡಿನಲ್ಲಿ ಇದಕ್ಕಿಂತ ಚೆನ್ನಾಗಿರುವುದು ಸಿಗುತ್ತದೆ.

ಅಂದ ಹಾಗೆ, ಕಿಟ್‌ನ ಹ್ಯಾಂಡ್‌ಬ್ರೇಕ್ ಕೇಬಲ್ 11 ಸೆಂಟಿಮೀಟರ್ ಉದ್ದ ಜಾಸ್ತಿ. ಇನ್ನೂ ಸರಿ ಮಾಡಿಲ್ಲ. ನಮ್ಮ ಪೋರ್ಟಿಕೋ ಸ್ವಲ್ಪ ಇಳಿಜಾರು, ಹಿಂದಿನ ಚಕ್ರಕ್ಕೆ ಒಂದು ಇಟ್ಟಿಗೆ ಕೊಟ್ಟಿದ್ದೇನೆ.